ಹನ್ನೊಂದು ಹಲಗೆ, ಒಂದು ಮಷಿನ್

ದೋಣಿಮಲೈ ಅಂದ್ರೆ ಎಲ್ಲರಿಗೂ ನೆನಪಾಗೋದು ಕಬ್ಬಿಣದ ಅದಿರು. ಎನ್‌ಎಂಡಿಸಿ ಇಲ್ಲಿ ಗಣಿ ಶುರು ಮಾಡಿದ್ದು 1977ರಲ್ಲಿ. ಅದರ ಟೌನ್‌ಶಿಪ್‌ನ ಕ್ವಾರ್ಟರ್ಸ್‌ನಲ್ಲೇ ನಾವು ಬೆಳೆದಿದ್ದು. ನಾವು ಅಂದ್ರೆ ಅಣ್ಣ-ತಂಗಿ ಇಬ್ಬರು. ಬಟ್ಟೆ, ಬೈಕು, ಬೇವಿನ ಎಲೆ ಎಲ್ಲದರ ಮೇಲೂ ಕೆಂಪು ಧೂಳು ಕೂರುವ ಈ ಊರಲ್ಲಿ, ನಮ್ಮ ಮನೆಯಲ್ಲಿ ಮಾತ್ರ ಆರು ತಿಂಗಳಿಂದ ಮರದ್ದೇ ಮಾತು.

ಅಪ್ಪ ಪ್ಲಾಂಟ್‌ನಲ್ಲಿ ಮೆಕ್ಯಾನಿಕ್. 2018ರ ನವೆಂಬರ್‌ನಲ್ಲಿ ಗುತ್ತಿಗೆ ವಿಷಯಕ್ಕೆ ಇಲ್ಲಿ ಗಣಿಗಾರಿಕೆ ನಿಂತಿತು, ಮತ್ತೆ ಶುರುವಾಗಿದ್ದು 2021ರ ಫೆಬ್ರವರಿಯಲ್ಲಿ. ಆ ದಿನಗಳಲ್ಲೇ ಅಪ್ಪ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿ ಮರಗೆಲಸ ಹಿಡಿದರು. ಮೊದಲು ಮಣೆ, ಆಮೇಲೆ ಸ್ಟೂಲು, ಆಮೇಲೆ ಪುಸ್ತಕದ ಶೆಲ್ಫು. ಎಲ್ಲ ಕೈ ರಂದಾದಲ್ಲೇ.

ಹೋದ ವರ್ಷ ಊರಲ್ಲಿ ಅಜ್ಜನ ಮಾಳಿಗೆ ಮನೆ ಕೆಡವಿದರು. ನಮ್ಮ ಪಾಲಿಗೆ ಬಂದಿದ್ದು ತೇಗದ ತೊಲೆಗಳು. ಸಾ ಮಿಲ್‌ನಲ್ಲಿ ಕೊಯ್ಸಿದಾಗ ಹನ್ನೊಂದು ಹಲಗೆ ಆಯ್ತು: ಐದಡಿ ಉದ್ದ, ಏಳಿಂಚು ಅಗಲ, 32 ಮಿ.ಮೀ. ದಪ್ಪ. ಕೊಯ್ದ ಮೇಲೆ ಒಳಗಿನ ಬಿಗುವು ಬಿಟ್ಟು ಹಲಗೆಗಳು ತಿರುಚಿಕೊಂಡವು. ನೆಲದ ಮೇಲಿಟ್ರೆ ಕ್ಯಾಂಟೀನ್ ಟೇಬಲ್ ಥರ ಒಂದು ಮೂಲೆ ಎದ್ದೇ ಇರುತ್ತೆ. ಸಂಡೂರಿನ ಬಡಿಗೇರರ ಅಂಗಡಿಯಲ್ಲಿ ದೊಡ್ಡ ಮಷಿನ್ ಇತ್ತು. "ಹಳೇ ಮರ, ಒಳಗ ಮೊಳೆ ಇರ್ತಾವ, ಬ್ಲೇಡ್ ಹೋಗ್ತಾವ್ರೀ" ಅಂದುಬಿಟ್ಟರು. ಅಪ್ಪ 40,000 ರೂಪಾಯಿ ತೆಗೆದಿಟ್ಟು, ನಾವೇ ಒಂದು ಪ್ಲೇನರ್ ಥಿಕ್‌ನೆಸರ್ ತಗೊಳ್ಳೋಣ ಅಂದರು.

ಅಮ್ಮನ ಲೆಕ್ಕ ಬೇರೆ ಇತ್ತು. "ರಿಟೈರ್ಮೆಂಟಿಗೆ ಇನ್ನೆರಡೇ ವರ್ಷ, ಕ್ವಾರ್ಟರ್ಸ್ ಬೇರೆ ಬಿಡಬೇಕು. ಆ ದುಡ್ಡಿಗೆ ರೆಡಿಮೇಡ್ ಟೇಬಲ್ಲು, ಬೀರು ಎರಡೂ ಬರ್ತಾವೆ." ಅಮ್ಮ ಹೇಳಿದ್ದು ಸರಿನೇ. ಆದ್ರೆ ಆ ತೊಲೆಗಳಲ್ಲಿ ಒಂದಕ್ಕೆ ನಮ್ಮಿಬ್ಬರ ತೊಟ್ಟಿಲು ಕಟ್ಟಿದ್ದರು. ಅದು ಅಮ್ಮನಿಗೂ ಗೊತ್ತು. ಕೊನೆಗೆ ಅಂದಿದ್ದು ಇಷ್ಟೇ: "ತಗೊಳ್ರಿ, ಆದ್ರೆ ಮರ ಕೆಡಿಸಬೇಡ್ರಿ."

ಆ ಮಾತು ನಮ್ಮ ತಲೆಯಲ್ಲಿ ಕೂತಿತು. ಅಂಥ ಮರ ಮತ್ತೆ ಸಿಗಲ್ಲ, ಕೆತ್ತಿದ ಒಂದೊಂದು ಮಿಲಿಮೀಟರೂ ಹೋದ ಹಾಗೇ.

ಈ ಮಷಿನ್ ಎರಡು ಕೆಲಸ ಮಾಡುತ್ತೆ. ಮೇಲಿನ ಟೇಬಲ್ ಹಲಗೆಯ ಒಂದು ಮುಖವನ್ನು ಸಮ ಮಾಡುತ್ತೆ, ಅದು ಪ್ಲೇನರ್. ಕೆಳಗಿನ ಭಾಗ ಎರಡನೇ ಮುಖವನ್ನು ಮೊದಲನೆಯದಕ್ಕೆ ಸಮಾನಾಂತರ ಮಾಡುತ್ತೆ, ಅದು ಥಿಕ್‌ನೆಸರ್. ಬರೀ ಥಿಕ್‌ನೆಸರ್ ತಗೊಂಡ್ರೆ ಸಾಲದಾ ಅಂತ ನಮಗೂ ಅನ್ನಿಸಿತ್ತು, ಯಾಕಂದ್ರೆ ಅದರಲ್ಲಿ ಅಗಲ ಜಾಸ್ತಿ ಸಿಗುತ್ತೆ. ಆದ್ರೆ ಅದರ ರೋಲರ್‌ಗಳು ಹಲಗೆಯನ್ನು ಒತ್ತಿ ಹಿಡಿದು ಒಳಗೆ ಎಳೆಯುತ್ತವೆ. ಒತ್ತಿದಾಗ ಡೊಂಕು ಚಪ್ಪಟೆಯಾಗುತ್ತೆ, ಬ್ಲೇಡು ಕೆತ್ತುತ್ತೆ, ಹೊರಗೆ ಬಂದ ಕೂಡಲೇ ಡೊಂಕು ವಾಪಸ್. ದಪ್ಪ ಎಲ್ಲ ಕಡೆ ಒಂದೇ, ಹಲಗೆ ಮಾತ್ರ ಡೊಂಕು! ಮೆಟ್ರಾಲಜಿ ಲ್ಯಾಬ್‌ನಲ್ಲಿ ಡೇಟಮ್ ಡೇಟಮ್ ಅಂತ ಬಡ್ಕೊಳ್ಳೋದು ಇದಕ್ಕೇ. ಮೊದಲ ಮುಖವೇ ಡೇಟಮ್.

ಬಜೆಟ್ಟಿಗೆ ಸಿಗೋ ಕಾಂಬಿ ಮಷಿನ್ ಸಾಮಾನ್ಯವಾಗಿ ಎಂಟಿಂಚು ಅಗಲ, 1500 ವ್ಯಾಟ್. ಸುಮಾರು ಆರೂವರೆ ಆಂಪಿಯರ್ ಎಳೆಯುತ್ತೆ, ಮನೆಯ 16 ಆಂಪಿಯರ್ ಸಾಕೆಟ್ ಸಾಕು. ಕೊರತೆ ಇರೋದು ಟೇಬಲ್ ಉದ್ದದಲ್ಲಿ. ಗಿಡ್ಡ ಟೇಬಲ್ ಮೇಲೆ ಐದಡಿ ಹಲಗೆ ನೇರ ಆಗೋದು ಕಷ್ಟ. ಅಪ್ಪ ಅದಕ್ಕೂ ದಾರಿ ಹೇಳಿದರು: ಮೊದಲು ಬೇಕಾದ ಅಳತೆಗೆ ಕೊಯ್ಯಿ, ಆಮೇಲೆ ಕೆತ್ತು. ಐದಡಿಯಲ್ಲಿ ಮೂಲೆ 10 ಮಿ.ಮೀ. ಎದ್ದಿದ್ರೆ, ಎರಡೂವರೆ ಅಡಿ ತುಂಡಲ್ಲಿ ಅದು ಸುಮಾರು 5 ಅಷ್ಟೇ. ಟೇಬಲ್ಲೂ ಸಾಲುತ್ತೆ, ಮರವೂ ಉಳಿಯುತ್ತೆ.

ಹೊಸಪೇಟೆಯ ಅಂಗಡಿಯವರು ಆರ್‌ಪಿಎಂ ಹೇಳೋಕೆ ಶುರು ಮಾಡಿದರು. "ಸರ್, ಎಂಟೂವರೆ ಸಾವಿರ ಐತೆ." ಎರಡು ಬ್ಲೇಡು ಅಂದ್ರೆ ನಿಮಿಷಕ್ಕೆ 17,000 ಕಟ್, ಹಲಗೆ ನಿಮಿಷಕ್ಕೆ ಆರು ಮೀಟರ್ ಹೋದ್ರೆ ಒಂದೊಂದು ಕಟ್‌ಗೆ 0.35 ಮಿ.ಮೀ. ನಾವು ಮೊಬೈಲಲ್ಲೇ ಲೆಕ್ಕ ಹಾಕಿದೆವು. ಚೆನ್ನಾಗೇ ಇದೆ, ಆದ್ರೆ ಪಕ್ಕದ ಮಷಿನ್‌ದೂ ಹೆಚ್ಚುಕಮ್ಮಿ ಅಷ್ಟೇ. ಅಪ್ಪ ಬ್ಯಾಗಿನಿಂದ ಉದ್ದನೆಯ ಸ್ಟೀಲ್ ಸ್ಕೇಲು, ಫೀಲರ್ ಗೇಜು ತೆಗೆದರು. "ಆರ್‌ಪಿಎಂ ಇರ್ಲಿ ಬಿಡ್ರಿ, ಟೇಬಲ್ ಸಮ ಐತಾ ನೋಡ್ತೀನಿ." ಎರಡೂ ಟೇಬಲ್ ಮೇಲೆ ಸ್ಕೇಲ್ ಇಟ್ಟು ಸಂದು ಅಳೆದರು. ಮೊದಲನೇ ಪೀಸಿನಲ್ಲಿ 0.4 ಬಂತು. ಅದೇ ಮಾಡೆಲ್‌ನ ಎರಡನೇ ಪೀಸಿನಲ್ಲಿ 0.1 ಗೇಜೂ ಹೋಗಲಿಲ್ಲ. ಒಂದೇ ರೇಟು! ಎರಡನೆಯದನ್ನೇ ಕಟ್ಟಿಸಿಕೊಂಡು ಬಂದೆವು.

ಮನೆಗೆ ಬಂದ ಮೇಲೂ ಒಂದು ವಾರ ಮಷಿನ್ ಮುಟ್ಟಲಿಲ್ಲ. ತಂತಿ ಬ್ರಷ್‌ನಿಂದ ಮಾಳಿಗೆ ಮಣ್ಣು, ಕೆಂಪು ಧೂಳು ಉಜ್ಜಿ ತೆಗೆದೆವು. ಎರಡೂ ಬ್ಲೇಡನ್ನು ಬೇಗ ಮೊಂಡು ಮಾಡುತ್ತವೆ. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಹಿಡಿದು ಹಲಗೆ ಹಲಗೆ ಸವರಿದೆವು. ಮರದಲ್ಲಿ ಕಪ್ಪು ಕಲೆ ಕಂಡ್ರೆ ಹತ್ತಿರ ಮೊಳೆ ಇರಬಹುದು, ಕಬ್ಬಿಣ ಮರದ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತೆ. ಏಳು ಮೊಳೆ ಸಿಕ್ಕವು. ಒಂದು ಉಳಿದಿದ್ರೂ ಬ್ಲೇಡಿಗೆ ಹಲ್ಲು ಬಿದ್ದು, ಮುಂದಿನ ಎಲ್ಲ ಹಲಗೆಗಳ ಮೇಲೂ ಗೆರೆ ಮೂಡುತ್ತಿತ್ತು.

ಇದರ ಸದ್ದು ಕಿವಿ ಕಿತ್ತುಹೋಗೋ ಹಾಗಿದೆ. ಪಕ್ಕದ ಮನೆ ಅಂಕಲ್ ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗ್ತಾರೆ, ಹಾಗಾಗಿ ನಮ್ಮ ಟೈಮು ಸಂಜೆ ನಾಲ್ಕರಿಂದ ಆರು. ಅಪ್ಪನ ರೂಲ್ಸು ಮೂರು: ಗ್ಲೌಸ್ ಹಾಕಬಾರದು, ಕೈ ಬದಲು ಪುಷ್ ಬ್ಲಾಕ್, ಒಂದಡಿಗಿಂತ ಚಿಕ್ಕ ತುಂಡು ಹಾಕಲೇಬಾರದು.

ಒಂದು ಸಲಕ್ಕೆ ಅರ್ಧ ಮಿಲಿಮೀಟರ್ ಕೆತ್ತಿ, ಮೊದಲ ತುಂಡು 26ಕ್ಕೆ ನಿಂತಿತು. ನೆಲದ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿದೆವು, ಅಲ್ಲಾಡಲಿಲ್ಲ. ಅಮ್ಮ ಬಂದು ತಾವೂ ಒಮ್ಮೆ ಒತ್ತಿ ನೋಡಿದರು. "ತೊಟ್ಟಿಲು ಕಟ್ಟಿದ್ದು ಯಾವುದರಲ್ಲಿ ಬಂತು?" ಅಂತ ಕೇಳಿದರು. ಅಪ್ಪ ಇನ್ನೂ ಕೆತ್ತದ ಹಲಗೆಗಳ ಕಡೆ ಕೈ ತೋರಿಸಿದರು. ಅದನ್ನು ಕೊನೆಗೆ ಇಟ್ಟಿದ್ದೇವೆ, ಕೈ ಪಳಗಲಿ ಅಂತ.