ಡೆಲ್ಕೋ ಮುಚ್ಚಳದ ಕೆಳಗೆ

ಹಳೆಯ ಪೆಟ್ರೋಲ್ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಅಕ್ಕರೆಯಿಂದ ಇಟ್ಟುಕೊಂಡವರು ಅದರಲ್ಲಿ ಧೈರ್ಯವಾಗಿ ಬದಲಾಯಿಸಬಹುದಾದ ಸಾಮಾನು ಒಂದಿದೆ. ಅದು ಡಿಸ್ಟ್ರಿಬ್ಯೂಟರಿನ, ಅಂದರೆ ಗ್ಯಾರೇಜಿನವರ ಡೆಲ್ಕೋದ, ಮುಚ್ಚಳದ ಕೆಳಗೆ ಕೂತಿರುವ ಪಾಯಿಂಟ್. ಆ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದರೆ ಕಾರಿನ ಹಳೆತನಕ್ಕೆ ಕುಂದಾಗುತ್ತದೆ ಎಂದು ಹಲವರು ನಂಬುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಾನೆಟ್ಟಿನ ಕೆಳಗಿನ ಬಹುಪಾಲು ಸಾಮಾನನ್ನು ಬಾಳಿಕೆ ಬರಲೆಂದು ಮಾಡಿದ್ದಾರೆ. ಪಾಯಿಂಟನ್ನಾದರೋ ಸವೆಯುತ್ತದೆಂದು ಗೊತ್ತಿದ್ದೇ ಮಾಡಿದ್ದಾರೆ. ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ಈ ಏರ್ಪಾಡನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್ ಕಾರಿಗೆ ಒದಗಿಸಿದ. ಅರ್ಧ ಶತಮಾನಕ್ಕೂ ಮಿಕ್ಕಿ ಜಗತ್ತಿನ ಕಾರುಗಳು ಅದರ ಮೇಲೆಯೇ ಓಡಿದವು. ಅದು ಜಾಣ ಏರ್ಪಾಡು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಪಾಯಿಂಟಿನ ಮೇಲೆ ಬೀಳುವ ಹೊರೆ ಎಷ್ಟೆಂದು ಲೆಕ್ಕ ಹಾಕಿ ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಿಮಿಷಕ್ಕೆ 6,000 ಕಿಡಿ ಬೇಕು, ಅಂದರೆ ಸೆಕೆಂಡಿಗೆ 100. ಅದೇ ವೇಗದಲ್ಲಿ ಒಂದು ಗಂಟೆ ಓಡಿದರೆ ಪಾಯಿಂಟಿನ ಎರಡು ಪುಟ್ಟ ಲೋಹದ ಬಿಲ್ಲೆಗಳು 3,60,000 ಸಲ ಕೂಡಿ ಅಗಲಿರುತ್ತವೆ. ಪ್ರತಿ ಸಲ ಅಗಲುವಾಗಲೂ ಮೂರು ನಾಲ್ಕು ಆಂಪಿಯರ್ ಕರೆಂಟನ್ನು ತಟ್ಟನೆ ಕಡಿಯಬೇಕು. ಹಾಗೆ ಕಡಿದಾಗಲೇ ಕಾಯಿಲಿನ ಕಾಂತಕ್ಷೇತ್ರ ಕುಸಿದು, ಪ್ಲಗ್ಗಿನ ತುದಿಯಲ್ಲಿ ಸಾವಿರಾರು ವೋಲ್ಟಿನ ಕಿಡಿ ಹಾರುವುದು. ಪಕ್ಕದ ಕಂಡೆನ್ಸರ್ ಪಾಯಿಂಟನ್ನು ಸುಡದಂತೆ ಕಾಯುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಒಂದಷ್ಟು ಸಾವಿರ ಕಿಲೋಮೀಟರ್ ಓಡಿದ ಪಾಯಿಂಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ: ಒಂದು ಮುಖದಲ್ಲಿ ಸಾಸಿವೆ ಗಾತ್ರದ ಕುಳಿ, ಎದುರು ಮುಖದಲ್ಲಿ ಅದಕ್ಕೆ ಸರಿಯಾಗಿ ಕೂರುವ ಬೂದುಬಣ್ಣದ ಗುಬುಟು. ಒಂದರ ಲೋಹ ಇನ್ನೊಂದಕ್ಕೆ ಹೋಗಿ ಕೂತಿರುತ್ತದೆ. ಕಣ್ಣಿಗೆ ಅಷ್ಟಾಗಿ ಬೀಳದ ಸವೆತ ಇನ್ನೊಂದಿದೆ. ಶಾಫ್ಟಿನ ಕ್ಯಾಮಿಗೆ ಉಜ್ಜುತ್ತಲೇ ಇರುವ ಫೈಬರ್ ಹಿಮ್ಮಡಿ ತೆಳ್ಳಗಾಗುತ್ತ ಹೋಗುತ್ತದೆ. ಅಂಬಾಸಿಡರಿನ ಲೂಕಾಸ್ ಡಿಸ್ಟ್ರಿಬ್ಯೂಟರಿಗೆ ಇರಬೇಕಾದ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಹಿಮ್ಮಡಿ ಸವೆದಷ್ಟೂ ಆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಗಾಡಿ ಇದ್ದಕ್ಕಿದ್ದಂತೆ ಕೆಡುವುದಿಲ್ಲ. ದಿನದಿನಕ್ಕೂ ಕೂದಲೆಳೆಯಷ್ಟು ಮಂಕಾಗುತ್ತದೆ. ಓಡಿಸುವವರಿಗೆ ಅದೇ ರೂಢಿಯಾಗಿ, ‘ಹಳೇ ಗಾಡಿ ಅಲ್ಲೇನ್ರೀ, ಇಷ್ಟ ಎಳಿತೈತಿ’ ಎಂದುಬಿಡುತ್ತಾರೆ. ಆ ಮಾತು ಎಂಜಿನ್ನಿಗೆ ಮಾಡುವ ಅನ್ಯಾಯ.

ಎಲೆಕ್ಟ್ರಾನಿಕ್ ಇಗ್ನಿಷನ್ ಈ ಉಜ್ಜಾಟವನ್ನೇ ತೆಗೆದುಹಾಕುತ್ತದೆ. ಕ್ಯಾಮಿನ ಮೇಲೆ ಆಯಸ್ಕಾಂತ ಹುದುಗಿಸಿದ ಒಂದು ಬಳೆ ಕೂರುತ್ತದೆ. ಪಾಯಿಂಟ್ ಇದ್ದ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮಾಡ್ಯೂಲ್. ಕಾಂತ ಹತ್ತಿರ ಬಂದದ್ದನ್ನು ಒಳಗಿನ ಹಾಲ್ ಸೆನ್ಸರ್ ಮುಟ್ಟದೆಯೇ ಅರಿಯುತ್ತದೆ. ಎಡ್ವಿನ್ ಹಾಲ್ ಈ ಗುಣವನ್ನು 1879ರಲ್ಲೇ ಕಂಡುಹಿಡಿದಿದ್ದ. ಕರೆಂಟ್ ಕಡಿಯುವ ಕೆಲಸ ಟ್ರಾನ್ಸಿಸ್ಟರಿನದು. ಒಂದನ್ನೊಂದು ಮುಟ್ಟದ್ದರಿಂದ ಸವೆತವಿಲ್ಲ. ಸವೆತವಿಲ್ಲದ್ದರಿಂದ ಟೈಮಿಂಗ್ ಜಾರುವುದಿಲ್ಲ. ಇದನ್ನು ಮಾರುವವರು ಕೆಲವೊಮ್ಮೆ ಶಕ್ತಿ ಹೆಚ್ಚುತ್ತದೆ, ಮೈಲೇಜ್ ಏರುತ್ತದೆ ಎನ್ನುತ್ತಾರೆ. ಸರಿಯಾಗಿ ಹೊಂದಿಸಿದ ಹೊಸ ಪಾಯಿಂಟಿನ ಎದುರು ಅಂಥ ದೊಡ್ಡ ವ್ಯತ್ಯಾಸವೇನೂ ಆಗದು. ಹೊಸ ಪಾಯಿಂಟ್ ಹಾಕಿದ ಮೊದಲ ದಿನ ಗಾಡಿ ಹೇಗಿತ್ತೋ ವರ್ಷ ಕಳೆದರೂ ಹಾಗೆಯೇ ಇರುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಅದೇ ದೊಡ್ಡದು. ಕಾರ್ಬುರೇಟರ್ ಸರಿಮಾಡಲು ಕೂತಾಗ ಕಿಡಿಯ ಮೇಲೆ ಅನುಮಾನ ಇರುವುದಿಲ್ಲ. ದೋಷ ಎಲ್ಲಿದೆ ಎಂದು ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆದರೆ ವೇಗ ಏರಿದಂತೆ ಕಿಡಿಯನ್ನು ಮುಂಚಿತ ಮಾಡುವ ತೂಕಗಳು, ಸ್ಪ್ರಿಂಗುಗಳು, ವ್ಯಾಕ್ಯೂಮ್ ಡಬ್ಬಿ ಎಲ್ಲ ಮೊದಲಿನವೇ. ಅವು ಜಂಗು ಹಿಡಿದಿದ್ದರೆ ಮಾಡ್ಯೂಲ್ ಅದನ್ನು ನೆಟ್ಟಗೆ ಮಾಡದು.

ಕುಶಲತೆ ಇರುವುದು ವೈರಿಂಗಿನಲ್ಲಿ. ವೈರುಗಳು ಎರಡೇ: ಕೆಂಪು ಕಾಯಿಲಿನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಕಂಡೆನ್ಸರ್ ಹೊರಗೆ. ಇಷ್ಟು ಸುಲಭವೆಂದು ಕಾಣುವುದರಿಂದಲೇ ಕೆಲಸ ಕೆಡುತ್ತದೆ. ಬ್ಯಾಟರಿಯ ಯಾವ ತುದಿ ಬಾಡಿಗೆ ಕೂಡಿದೆ ಎಂದು ಮೊದಲು ನೋಡಬೇಕು, ಏಕೆಂದರೆ ಅಂಬಾಸಿಡರಿಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡಿನಲ್ಲಿ ಪ್ಲಸ್ ತುದಿಯೇ ಅರ್ಥ್ ಆಗಿತ್ತು. ತಿರುವುಮುರುವಾದರೆ ಮಾಡ್ಯೂಲ್ ಸುಟ್ಟೇಹೋದೀತು. ಮಲ್ಟಿಮೀಟರಿನಲ್ಲಿ ಕಾಯಿಲಿನ ಪ್ರೈಮರಿಯನ್ನು ಅಳೆಯಬೇಕು. ಸುಮಾರು ಮೂರು ಓಮ್ ಇದ್ದರೆ 12 ವೋಲ್ಟಿಗೆ ನಾಲ್ಕು ಆಂಪಿಯರ್ ಆಯಿತು, ನಿಶ್ಚಿಂತೆ. ಅದರ ಅರ್ಧವೇ ಇದ್ದರೆ ಅದು ಬಲಾಸ್ಟ್ ರೆಸಿಸ್ಟರಿನ ಜೊತೆ ಬಾಳಬೇಕಾದ ಕಾಯಿಲ್. ಆಗ ಮಾಡ್ಯೂಲಿನ ಕೆಂಪು ವೈರನ್ನು ಬಲಾಸ್ಟಿನ ಹಿಂದೆ, ಪೂರ್ತಿ 12 ವೋಲ್ಟ್ ಸಿಗುವಲ್ಲಿ ಕೂಡಿಸಬೇಕು. ಪಾಯಿಂಟ್ ಕೂರುವ ತಟ್ಟೆಯಿಂದ ಡೆಲ್ಕೋದ ಮೈಗೆ ಹೋಗುವ ಹೆಣೆದ ತಾಮ್ರದ ಪುಟ್ಟ ಅರ್ಥ್ ವೈರು ಅರ್ಧ ಹರಿದಿದ್ದರೂ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಬೈಗುಳ ಮಾತ್ರ ಹೊಸ ಮಾಡ್ಯೂಲಿಗೆ. ಆಮೇಲೆ ವೈರಿನ ಜೋಡು. ನೇಕಾರರ ಊರಾದ ಬನಹಟ್ಟಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸಿನಲ್ಲಿ ಎಳೆ ಹರಿದರೆ ನೇಕಾರ ಹಾಕುವ ಗಂಟು ಫಣಿಯಲ್ಲಿ ಸಿಕ್ಕಿಕೊಳ್ಳದೆ ದಾಟಬೇಕು, ಎಳೆತಕ್ಕೆ ಬಿಚ್ಚಲೂಬಾರದು. ವೈರಿನ ಜೋಡೂ ಹಾಗೆಯೇ. ಸಿಪ್ಪೆ ಸುಲಿದು ತಿರುಚಿ ಟೇಪು ಸುತ್ತಿದ ಜೋಡು ಈ ಸೀಮೆಯ ನಲವತ್ತು ಡಿಗ್ರಿ ಬೇಸಿಗೆಯಲ್ಲಿ, ಎಂಜಿನ್ನಿನ ಕಾವೂ ಸೇರಿ, ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸರಿಯಾದ ಅಳತೆಯ ಥಿಂಬಲ್ ಒತ್ತಿ, ಸ್ಲೀವ್ ಏರಿಸಿ, ಡೆಲ್ಕೋದಿಂದ ಹೊರಬರುವಲ್ಲಿ ರಬ್ಬರ್ ಗ್ರಾಮೆಟ್ ಕೂರಿಸಬೇಕು. ಒಳಗಡೆ ತುಸು ಸಡಿಲವನ್ನೂ ಬಿಡಬೇಕು, ಏಕೆಂದರೆ ವ್ಯಾಕ್ಯೂಮ್ ಎಳೆದಾಗಲೆಲ್ಲ ಆ ತಟ್ಟೆ ತಿರುಗುತ್ತದೆ. ಬಿಗಿಯಾಗಿ ಎಳೆದುಕಟ್ಟಿದ ವೈರು ಕೆಲವೇ ತಿಂಗಳಲ್ಲಿ ಒಳಗಿಂದೊಳಗೇ ತುಂಡಾದೀತು. ಕೊನೆಗೆ ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತು ನೋಡಲೇಬೇಕು. ಆ ಬೆಳಕಿನಲ್ಲಿ ಮುಂಚೆ ನಡುಗುತ್ತಿದ್ದ ಗುರುತು ಸೂಜಿ ಚುಚ್ಚಿಟ್ಟಂತೆ ನಿಂತದ್ದನ್ನು ಕಂಡಾಗ ಆಗುವ ಹಿಗ್ಗು ಈ ಕೆಲಸಕ್ಕೆ ಸಿಗುವ ನಿಜವಾದ ಕೂಲಿ.

ಅಸಲಿತನ ಕೆಡುತ್ತದೆ ಎಂಬುದು ಮೊದಲ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಇದರ ಹಿಂದಿರುವುದು ಪ್ರೀತಿ. ಆದರೆ ಎಷ್ಟೋ ಅಂಬಾಸಿಡರುಗಳ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನೇ ಇಳಿಸಿ ಡೀಸೆಲ್ ಎಂಜಿನ್ ಏರಿಸಿದಾಗ ಅಸಲಿತನದ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳನ್ನು ಗುರುತಿಸುತ್ತದೆ. ಅದು ಬೇಡವೆನ್ನುವುದು ಷಾಸಿ, ಬಾಡಿ, ಎಂಜಿನ್ನಿನ ದೊಡ್ಡ ಮಾರ್ಪಾಡುಗಳನ್ನು. ಮುಚ್ಚಳದ ಕೆಳಗೆ ಒಂದು ತೂತನ್ನೂ ಕೊರೆಯದೆ ಕೂರುವ, ಬೇಕೆಂದಾಗ ತೆಗೆದಿಡಬಹುದಾದ ಸಾಮಾನನ್ನು ಆ ಸಾಲಿಗೆ ಸೇರಿಸುವುದು ಸರಿಯೆನಿಸುವುದಿಲ್ಲ. ಕಾರು ತಯಾರಿಸುವವರೇ ಈ ದಾರಿಗೆ ಬಂದದ್ದೂ ನಿನ್ನೆ ಮೊನ್ನೆಯಲ್ಲ: ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೆ ಅಮೆರಿಕದ ತನ್ನ ಎಲ್ಲ ಕಾರುಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುತ್ತಿತ್ತು. ಮೇಳದಲ್ಲಿ ಮೂಲಕ್ಕೆ ಮೂಲವಾಗಿಯೇ ನಿಲ್ಲಿಸುವ ಕಾರಾದರೆ ಮಾತು ಬೇರೆ. ಅದಕ್ಕೆ ಪಾಯಿಂಟೇ ಇರಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎರಡನೆಯದು. ಪಾಯಿಂಟ್ ಕೆಟ್ಟರೆ ಮುಧೋಳದ ರಸ್ತೆಯಲ್ಲಾದರೂ ಸರಿ, ಪಾಲಿಶ್ ಪೇಪರ್ ಉಜ್ಜಿ ಮುಂದೆ ಸಾಗಬಹುದು. ಮಾಡ್ಯೂಲ್ ಸತ್ತರೆ ಉಜ್ಜಲು ಏನೂ ಇಲ್ಲ, ಹೊಸದು ಬೀದಿಬೀದಿಯ ಅಂಗಡಿಯಲ್ಲಿ ಸಿಗುವ ಸಾಮಾನೂ ಅಲ್ಲ. ಈ ಮಾತು ನಿಜ. ಮಾಡ್ಯೂಲಿಗೆ ಹಾಗಾಗುವ ಕಾರಣಗಳು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಎಂಜಿನ್ ನಿಲ್ಲಿಸಿ, ಹಾಡು ಕೇಳಲೆಂದು ಇಗ್ನಿಷನ್ ಕೀಲಿ ಹಾಗೇ ಬಿಟ್ಟರೆ ಕಾಯಿಲೂ ಮಾಡ್ಯೂಲೂ ಕಾದು ಬೇಯಬಹುದು. ಬರಿ ತಾಮ್ರದ ಪ್ಲಗ್ ವೈರುಗಳ ತರಂಗ ಸೆನ್ಸರಿಗೆ ಅಡ್ಡಿಮಾಡುವುದುಂಟು, ಆದ್ದರಿಂದ ಸಪ್ರೆಸರ್ ವೈರುಗಳನ್ನೇ ಹಾಕಬೇಕು. ಇಷ್ಟೆಲ್ಲ ಮಾಡಿಯೂ ಕೈಕೊಟ್ಟರೆ ಇರಲೆಂದು, ಬಿಚ್ಚಿಟ್ಟ ಹಳೆಯ ಪಾಯಿಂಟನ್ನು ಕಂಡೆನ್ಸರಿನ ಸಮೇತ ಎಣ್ಣೆ ಕಾಗದದಲ್ಲಿ ಸುತ್ತಿ, ಅದರ ಸ್ಕ್ರೂಗಳನ್ನೂ ಒಂದು ಚಿಕ್ಕ ಚೀಲದಲ್ಲಿ ಕಟ್ಟಿ ಡಿಕ್ಕಿಯ ಟೂಲ್ ಬಾಕ್ಸಿನಲ್ಲಿ ಇಟ್ಟಿರಬೇಕು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲಿನ ಹಿಂದೆ ನಿಂತುಹೋದ ಗಾಡಿಯಲ್ಲೂ ಒಂದು ಸ್ಕ್ರೂಡ್ರೈವರ್ ಇದ್ದರೆ ಅದನ್ನು ಮತ್ತೆ ಕೂರಿಸಬಹುದು. ಫೀಲರ್ ಗೇಜ್ ಮನೆಯಲ್ಲೇ ಮರೆತಿದ್ದರೆ ಕಿಸೆಯಲ್ಲಿನ ದಪ್ಪ ವಿಸಿಟಿಂಗ್ ಕಾರ್ಡನ್ನು ಪಾಯಿಂಟಿನ ನಡುವೆ ತೂರಿಸಿ ಗ್ಯಾಪ್ ಹಿಡಿಯಬಹುದು. ಟೈಮಿಂಗ್ ಅಷ್ಟು ನಿಖರವಾಗಿರದು, ಊರು ಮುಟ್ಟಲಿಕ್ಕೆ ಸಾಕು.