ದೊಡ್ಡದೇ ಬೇಕು ಅಂತ ಹೋಗಿ...

ಹೋದ ವಾರ ಊರಿಂದ ಭಾವ ಫೋನ್ ಮಾಡಿದ್ದರು. ತೋಟದ ಬೋರ್‌ವೆಲ್ಲಿಗೆ ಹೊಸ ಪಂಪು ಹಾಕಿಸಬೇಕಂತೆ. "ಎಷ್ಟು ಎಚ್‌ಪಿದು ತಗೊಳ್ಳಲಿ ಮಾರಾಯ? ನೀನು ಎಂಜಿನಿಯರ್ ಅಲ್ವಾ, ಹೇಳು" ಅಂದರು. ನಾನು ಬಾಯಿ ಬಿಡಲಿಲ್ಲ. ಹಿಂದೆ ಒಬ್ಬರು ಇದೇ ಮಾತು ಹೇಳಿ ಸಲಹೆ ಕೇಳಿದ್ದಾಗ ನಾನು ಪಟ್ಟಂತ ಕೊಟ್ಟ ಉತ್ತರದಿಂದ ಅವರ ಒಂದು ಇಡೀ ಬೇಸಿಗೆ ಹಾಳಾಗಿತ್ತು. ಆ ಕಥೆಯನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಇಲ್ಲಿ ಬರೆದಾದರೂ ಸ್ವಲ್ಪ ಹಗುರಾಗೋಣ ಅಂತ...

ನಾವಿರೋದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ. ಇಲ್ಲಿರುವ ಕನ್ನಡದವರಲ್ಲಿ ಬಹಳ ಜನರ ಅನ್ನ ಒಂದಲ್ಲ ಒಂದು ರೀತಿಯಲ್ಲಿ ಕಾರಿನಿಂದಲೇ ಹುಟ್ಟೋದು. ನಂದೂ ಅಷ್ಟೇ. ಆದರೆ ನನ್ನ ಕೆಲಸ ಕಾರಿನ ಬಾಗಿಲ ಸುತ್ತ ಕೂರುವ ರಬ್ಬರ್ ಸೀಲಿನದು. ಮಳೆ ನೀರು ಒಳಗೆ ಬರಬಾರದು, ಗಾಳಿಯ ಸದ್ದು ಕೇಳಬಾರದು, ಮುಗೀತು. ಇದನ್ನು ಪಕ್ಕದ ಮನೆ ಅಜ್ಜನಿಗೆ ಎಷ್ಟು ಸಲ ಬಿಡಿಸಿ ಹೇಳಿದರೂ ಅವರ ಲೆಕ್ಕದಲ್ಲಿ ನಾನು ಎಂಜಿನಿಯರ್. ಎಂಜಿನಿಯರ್ ಅಂದಮೇಲೆ ಎಂಜಿನ್ ಗೊತ್ತಿರಲೇಬೇಕು! :-)

ಅಜ್ಜ ಮೂವತ್ತು ವರ್ಷಕ್ಕೂ ಮೇಲೆ ಕಾರು ಕಾರ್ಖಾನೆಯ ಲೈನಿನಲ್ಲಿ ನಿಂತು ದುಡಿದವರು. ಅವರ ಗರಾಜಿನಲ್ಲಿ 1970ರ ಶೆವರ್ಲೆ ಶೆವೆಲ್ ಇದೆ. ಅದರಲ್ಲಿರೋದು 454 ಎಂಜಿನ್ನು. 454 ಅಂದರೆ ಘನ ಇಂಚಿನ ಲೆಕ್ಕ, ನಮ್ಮ ಲೆಕ್ಕದಲ್ಲಿ 7.4 ಲೀಟರ್. ಇನ್ನೂ ಬಿಡಿಸಿ ಹೇಳಬೇಕು ಅಂದರೆ, ಅದರ ಎಂಟು ಸಿಲಿಂಡರುಗಳಲ್ಲಿ ಒಂದೊಂದೂ 930 ಸಿಸಿ. ನಮ್ಮ ಮಾರುತಿ 800 ಇದೆಯಲ್ಲ, ಅದರ ಇಡೀ ಎಂಜಿನ್ನೇ 796 ಸಿಸಿ! ಶೆವರ್ಲೆಯವರು 1965ರಲ್ಲಿ ತಂದ ಈ 'ಬಿಗ್ ಬ್ಲಾಕ್' ವಂಶದಲ್ಲಿ 454 ಹುಟ್ಟಿದ್ದು 1970ರಲ್ಲಿ.

ಮೂರು ವರ್ಷದ ಹಿಂದೆ ಆ ಎಂಜಿನ್ನಿನ ಹಳೆಯ ಬೀಡು ಕಬ್ಬಿಣದ ಹೆಡ್ ಒಂದು ವಾಲ್ವ್ ಸೀಟಿನ ಹತ್ತಿರ ಬಿರುಕು ಬಿಟ್ಟಿತು. ಅದೇ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ಅಜ್ಜನಿಗೆ, ಇನ್ನು ಒಂದೆರಡು ವರ್ಷ ಅಷ್ಟೇ, ಆಮೇಲೆ ಕಾರು ಓಡಿಸೋದು ಕಷ್ಟ ಅಂದಿದ್ದರು. ಅಜ್ಜ ಉಳಿಸಿಟ್ಟ ದುಡ್ಡು ತೆಗೆದು, ಅಲ್ಯುಮಿನಿಯಂನ ಹೊಸ ಹೆಡ್ ಜೋಡಿ ಹಾಕಿಸಿಬಿಡೋಣ, ಯಾವುದು ತರೋಣ ಹೇಳು ಅಂತ ನನ್ನ ಮುಂದೆ ಕ್ಯಾಟಲಾಗುಗಳನ್ನು ಹರಡಿದರು. ಎಡೆಲ್‌ಬ್ರಾಕ್, ಎಎಫ್‌ಆರ್, ಡಾರ್ಟ್, ಬ್ರೋಡಿಕ್ಸ್, ಟ್ರಿಕ್ ಫ್ಲೋ... ಹೆಸರುಗಳಿಗೇನು ಬರ ಇಲ್ಲ.

ಹೆಡ್ ಅಂದರೆ ಎಂಜಿನ್ನಿನ ಮೂಗು ಅಂದುಕೊಳ್ಳಿ. ಗಾಳಿ-ಪೆಟ್ರೋಲು ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ, ವಾಲ್ವುಗಳು, ಕಿಡಿ ಹೊತ್ತುವ ಗೂಡು, ಎಲ್ಲ ಅದರಲ್ಲೇ. ಬಿಗ್ ಬ್ಲಾಕಿನಲ್ಲಿ ವಾಲ್ವುಗಳು ಸಾಲಾಗಿ ನೆಟ್ಟಗೆ ನಿಲ್ಲದೆ ಒಂದೊಂದು ಒಂದೊಂದು ಕಡೆ ವಾಲಿಕೊಂಡಿರುತ್ತವೆ. ಅದಕ್ಕೇ ಇಲ್ಲಿನವರು ಅದನ್ನು 'ಮುಳ್ಳುಹಂದಿ' ಅಂತ ಕರೆಯೋದು. ಗಾಳಿ ಹೋಗುವ ದಾರಿ, ಅಂದರೆ ಪೋರ್ಟು, ಎರಡು ಥರ: ಮೊಟ್ಟೆಯಾಕಾರದ ಓವಲ್, ಮತ್ತೆ ಅದಕ್ಕಿಂತ ದೊಡ್ಡದಾದ ಆಯತಾಕಾರದ್ದು. ಅಳತೆ ಸಿಸಿಯಲ್ಲಿ. ಅಂಗಡಿಯಲ್ಲಿ 265ರಿಂದ ಹಿಡಿದು 350 ದಾಟಿದ್ದೂ ಸಿಗುತ್ತೆ.

ನಾನು ಏನು ಮಾಡಿದೆ? ಎಕ್ಸೆಲ್ ತೆಗೆದು ಕೂತೆ. ಪ್ರತಿ ಹೆಡ್ಡಿಗೂ ಅದನ್ನು ಮಾಡಿದವರು ಎಷ್ಟು ಗಾಳಿ ಹರಿಯುತ್ತೆ ಅಂತ ಅಳೆದು ಅಂಕಿ ಕೊಟ್ಟಿರುತ್ತಾರೆ. ಆ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ದುಡ್ಡಿಗೆ ನಿಲುಕುವುದರಲ್ಲಿ ಎಲ್ಲಕ್ಕಿಂತ ಮೇಲಿದ್ದ 345 ಸಿಸಿಯ ಆಯತದ ಪೋರ್ಟಿನದನ್ನು ಆರಿಸಿದೆ. ಅಜ್ಜ ಒಂದು ಕ್ಷಣ ಸುಮ್ಮನಿದ್ದರು. "ಸ್ವಲ್ಪ ದೊಡ್ಡದಾಯ್ತಾ?" ಅಂದರು ಮೆಲ್ಲಗೆ. "ಎಂಜಿನ್ನೇ ಇಷ್ಟು ದೊಡ್ಡದಿದೆ, ಮೂಗು ಚಿಕ್ಕದಿದ್ದರೆ ಹೇಗೆ?" ಅಂತ ನಾನು ನಕ್ಕೆ. ಇದ್ದ ಮ್ಯಾನಿಫೋಲ್ಡು ಓವಲ್ ಪೋರ್ಟಿನದು, ಹೊಸದಕ್ಕೆ ಕೂರಲ್ಲ, ಅದನ್ನೂ ಬೇರೆ ಕೊಳ್ಳಬೇಕು ಅಂದೆ. ಸರಿ ಅಂದರು.

ಜೋಡಿಸುವ ಕೆಲಸ ಎಲ್ಲಾ ಅವರದೇ. ಪಿಸ್ಟನ್ನಿನ ತಲೆ ಮೇಲೆ ಮಕ್ಕಳಾಡುವ ಜೇಡಿಮಣ್ಣು ಮೆತ್ತಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಮತ್ತೆ ಬಿಚ್ಚಿ, ವಾಲ್ವು ಒತ್ತಿದ ಗುರುತಿನ ಹತ್ತಿರ ಮಣ್ಣು ಎಷ್ಟು ದಪ್ಪ ಉಳಿದಿದೆ ಅಂತ ಅಳೆದರು. ಪುಶ್‌ರಾಡಿನ ಉದ್ದ ನೋಡಿದರು. ಅವರ ಕೈಯಲ್ಲಿ ಒಂದು ಬೋಲ್ಟೂ ತಪ್ಪಲಿಲ್ಲ. ತಪ್ಪಿದ್ದು ನಾನೊಬ್ಬನೇ.

ಇಲ್ಲಿ ಪ್ರತಿ ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ ನಡೆಯುತ್ತೆ, 1995ರಿಂದ. ಹಳೇ ಕಾರುಗಳೆಲ್ಲ ವುಡ್‌ವರ್ಡ್ ರಸ್ತೆಗೆ ಇಳಿಯುತ್ತವೆ, ಜನ ಕುರ್ಚಿ ಹಾಕಿಕೊಂಡು ಫುಟ್‌ಪಾತಿನಲ್ಲಿ ಕೂತು ನೋಡ್ತಾರೆ. ಥೇಟ್ ನಮ್ಮೂರ ತೇರು, ವೇಗವೂ ಹೆಚ್ಚುಕಡಿಮೆ ತೇರಿನದೇ! ಅಜ್ಜ ಸ್ಟಿಯರಿಂಗಿನಲ್ಲಿ, ಅಜ್ಜಿ ಪಕ್ಕದಲ್ಲಿ ಸ್ಯಾಂಡ್‌ವಿಚ್ ಡಬ್ಬಿ ಇಟ್ಟುಕೊಂಡು, ನಾನು ಹಿಂದಿನ ಸೀಟಿನಲ್ಲಿ.

ಮೊದಲನೇ ಸಿಗ್ನಲ್ಲಿನಲ್ಲೇ ಗೊತ್ತಾಯಿತು. ಹಸಿರು ಬಂತು, ಅಜ್ಜ ಮೆಲ್ಲಗೆ ಕಾಲೊತ್ತಿದರು, ಎಂಜಿನ್ನು ಮುಗ್ಗರಿಸಿ, ಕೆಮ್ಮಿ, ನಿಂತೇ ಹೋಯಿತು. ಮತ್ತೆ ಚಾಲೂ ಮಾಡಿ ಮುಂದೆ ಹೋದರೆ ಮತ್ತೆ ಅದೇ. ಫುಟ್‌ಪಾತಿನಿಂದ ಯಾರೋ ಏನೋ ಕೂಗಿ ನಕ್ಕರು. ಅಜ್ಜಿ ಕಿಟಕಿಯಾಚೆ ನೋಡುತ್ತಾ ಕೂತರು. ಅಜ್ಜ ಏನೂ ಅನ್ನದೆ ಪಕ್ಕದ ಗಲ್ಲಿಗೆ ತಿರುಗಿಸಿ ಮನೆಗೆ ತಂದರು. ಮಧ್ಯಾಹ್ನದ ಹೊತ್ತಿಗೆ ಕಾರು ಗರಾಜಿನಲ್ಲಿತ್ತು, ಡಬ್ಬಿ ಹಾಗೇ ಇತ್ತು.

ಆಮೇಲೆ ಕಾರ್ಬುರೇಟರಿನ ಜೆಟ್ ಬದಲಿಸಿದೆವು, ಪಂಪ್ ತಿದ್ದಿದೆವು. ಸ್ವಲ್ಪ ಸುಧಾರಿಸಿತು, ಆದರೆ ಆ ಜಡ ಹೋಗಲಿಲ್ಲ. ಆಗ ನಾನು ನಿಜವಾಗಿ ಓದಲು ಕೂತೆ. ಓದ್ತಾ ಓದ್ತಾ ನೆನಪಾಗಿದ್ದು ಅಪ್ಪ ತೋಟಕ್ಕೆ ನೀರು ಬಿಡೋದು. ದೂರದ ಗಿಡಕ್ಕೆ ನೀರು ಮುಟ್ಟಬೇಕಾದರೆ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿಯುತ್ತಿದ್ದರು. ಬಾಯಿ ಕಿರಿದಾದರೆ ವೇಗ ಹೆಚ್ಚು. ಪೋರ್ಟಿನಲ್ಲೂ ಅದೇ ಕಥೆ. ಉದ್ದ ಹೆಚ್ಚುಕಡಿಮೆ ಒಂದೇ ಅಂದುಕೊಂಡರೆ 345 ಸಿಸಿಯ ಪೋರ್ಟು 265ರದ್ದಕ್ಕಿಂತ ಶೇಕಡಾ 30ರಷ್ಟು ಅಗಲ. ಅಂದರೆ ಅಷ್ಟೇ ಆರ್‌ಪಿಎಂನಲ್ಲಿ ಗಾಳಿಯ ವೇಗ ಸುಮಾರು ಕಾಲುಭಾಗ ಕಮ್ಮಿ. ಎಂಜಿನ್ನು 1500, 2000ದಲ್ಲಿ ತಿರುಗುವಾಗ ಗಾಳಿ ಸೋಮಾರಿಯಾಗಿ ಹೋಗುತ್ತೆ, ಪೆಟ್ರೋಲಿನ ಹನಿಗಳು ಅದರ ಜೊತೆ ಓಡದೆ ಗೋಡೆಗೆ ಅಂಟಿಕೊಳ್ಳುತ್ತವೆ, ಸಿಲಿಂಡರು ಸರಿಯಾಗಿ ತುಂಬಲ್ಲ.

ಇನ್ನೊಂದು ನಾಚಿಕೆಯ ವಿಷಯ. ನಾನು ನೋಡಿದ್ದ ಆ ಗಾಳಿಯ ಅಂಕಿ ವಾಲ್ವು 0.8 ಇಂಚು ತೆರೆದಾಗಿನದು. ಅಜ್ಜನ ಕ್ಯಾಮ್ ವಾಲ್ವನ್ನು ಎತ್ತೋದೇ 0.55 ಇಂಚು! ಅಂದರೆ ಎಂಜಿನ್ನು ಎಂದೂ ಮುಟ್ಟದ ಎತ್ತರದ ಅಂಕಿ ನೋಡಿ ನಾನು ಮಾರ್ಕು ಹಾಕಿದ್ದೆ. ಮಧ್ಯದ ಅಂಕಿಗಳಲ್ಲಿ, 0.3, 0.4, 0.5ರಲ್ಲಿ, ಚಿಕ್ಕ ಪೋರ್ಟಿನವು ಏನೂ ಹಿಂದಿರಲಿಲ್ಲ. ವಾಲ್ವು ತೆರೆಯುವಾಗ ಒಂದು ಸಲ, ಮುಚ್ಚುವಾಗ ಒಂದು ಸಲ ಆ ಎತ್ತರಗಳನ್ನು ದಾಟುತ್ತೆ, ತುದಿಯನ್ನು ಮುಟ್ಟೋದು ಒಂದೇ ಸಲ. ಈ ಸಣ್ಣ ವಿಷಯ ಹೊಳೆದಿರಲಿಲ್ಲ.

ಒಂದು ಸಂಜೆ ಹೋಗಿ ತಪ್ಪು ಒಪ್ಪಿಕೊಂಡೆ. ಹೆಡ್ ಮಾರಿ ಓವಲ್ ಪೋರ್ಟಿನದು ತರೋಣ, ನಷ್ಟ ನಂದು, ಮ್ಯಾನಿಫೋಲ್ಡೂ ಮತ್ತೆ ಹುಡುಕಬೇಕು ಅಂದೆ. ಅಜ್ಜ ಎದ್ದು ಹೋಗಿ ಬೆಂಚಿನ ಕೆಳಗಿಂದ ಪೇಪರಿನಲ್ಲಿ ಸುತ್ತಿದ್ದ ಒಂದು ಗಂಟು ಎಳೆದರು. ಹಳೇ ಮ್ಯಾನಿಫೋಲ್ಡು! ಎಣ್ಣೆ ಒರೆಸಿ, ಬಾಯಿಗಳಿಗೆಲ್ಲ ಟೇಪು ಅಂಟಿಸಿ ಜೋಪಾನ ಮಾಡಿದ್ದರು.

"ಮಾರಿರಲಿಲ್ವಾ?"

"ಬೇಕಾಗಬಹುದು ಅನ್ನಿಸಿತ್ತು."

"ಹಾಗಾದರೆ ಆಗಲೇ ಹೇಳಬಹುದಿತ್ತಲ್ಲ!"

"ನೀನು ಅಷ್ಟು ಓದಿದವನು. ನಾನು ಏನಂತ ಹೇಳಲಿ" ಅಂದರು. ವ್ಯಂಗ್ಯ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಸ್ವಲ್ಪ ದೊಡ್ಡದಾಯ್ತಾ ಅಂತ ಅವತ್ತು ಅವರು ಹೇಳಿಯೇ ಇದ್ದರು. ನಾನು ನಕ್ಕಿದ್ದೆ.

ಎರಡನೇ ಸಲ ಎಕ್ಸೆಲ್ ತೆಗೆಯಲಿಲ್ಲ. ಕಾಗದ ಪೆನ್ನು ಹಿಡಿದು ಅವರನ್ನೇ ಕೇಳಿದೆ. ಎಂಜಿನ್ನನ್ನು ಎಷ್ಟರವರೆಗೆ ತಿರುಗಿಸುತ್ತೀರಿ? 5000 ದಾಟಿಸಲ್ಲ. ರೇಸು? ಈ ವಯಸ್ಸಲ್ಲಾ! ಗೇರು? ಆಟೋಮ್ಯಾಟಿಕ್. ಪೆಟ್ರೋಲು? ಬಂಕಿನ 93 ಆಕ್ಟೇನಿನದೇ. ಯಾರ ಜೊತೆ? ಅಜ್ಜಿ ಜೊತೆ, ಐಸ್‌ಕ್ರೀಂ ತಿನ್ನೋಕೆ. ಉತ್ತರ ತಾನಾಗೇ ಬಂತು: 265 ಸಿಸಿಯ ಓವಲ್. ಕಿಡಿ ಹೊತ್ತುವ ಗೂಡು 119ರ ಬದಲು 110 ಸಿಸಿಯದು. ಅವರ ಪಿಸ್ಟನ್ನಿನ ತಲೆ ಸ್ವಲ್ಪ ಉಬ್ಬಿದೆ, ಕಿರಿದಾದ ಗೂಡಿಗೆ ತಾಗಬಾರದಲ್ಲ, ಅದನ್ನೂ ನೋಡಿಕೊಂಡೆವು. ಕಂಪ್ರೆಶನ್ 9ರಿಂದ 9.7ರ ಹತ್ತಿರ ಬಂತು. ದೊಡ್ಡ ಹೆಡ್ಡುಗಳನ್ನು ಕೊಂಡವನು ರೇಸಿಗೆ 540 ಘನ ಇಂಚಿನ ಎಂಜಿನ್ ಕಟ್ಟುತ್ತಿದ್ದ ಹುಡುಗ. ಅವನಿಗೆ ಅವೇ ಸರಿಯಾದವು, ಖುಷಿಯಾಗಿದ್ದಾನೆ. ಹೆಡ್ಡಿನ ತಪ್ಪೇನಿರಲಿಲ್ಲ. ನಷ್ಟದ ದುಡ್ಡು ಕೊಡಲು ಹೋದರೆ ಅಜ್ಜ ಮುಟ್ಟಲಿಲ್ಲ. ಅಜ್ಜಿ ಮಾತ್ರ ವಾರಕ್ಕೊಂದು ಸಲ ಬಿಸಿಬೇಳೆಬಾತ್ ಕೇಳಿ ತರಿಸಿಕೊಂಡು ಸಾಲ ತೀರಿಸಿಕೊಂಡರು.

ಮರು ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆವು. ಒಂದು ಸಲವೂ ಕೆಮ್ಮಲಿಲ್ಲ. ಕಾಲು ಇಟ್ಟರೆ ಸಾಕು, ಎತ್ತು ನೊಗಕ್ಕೆ ಭುಜ ಕೊಟ್ಟ ಹಾಗೆ ಎಳೆಯುತ್ತಿತ್ತು. ಅಜ್ಜ ಸ್ವತಃ ಓಡಿಸಿದ ಕೊನೆಯ ಕ್ರೂಸ್ ಅದು. ಈಗ ಅವರು ಪಕ್ಕದ ಸೀಟಿನಲ್ಲಿ ಕೂರುತ್ತಾರೆ, ಓಡಿಸೋದು ನಾನು. ಎರಡು ಬೇಸಿಗೆ ಸಿಗಬೇಕಾಗಿದ್ದವರಿಗೆ ಒಂದೇ ಸಿಕ್ಕಿತು. ಸ್ಟಿಯರಿಂಗ್ ಹಿಡಿದಾಗಲೆಲ್ಲ ಆ ಲೆಕ್ಕ ತಲೆಗೆ ಬರುತ್ತೆ.

ಅಂದಹಾಗೆ ಭಾವನಿಗೆ ಇನ್ನೂ ಎಚ್‌ಪಿ ಹೇಳಿಲ್ಲ. "ಬೋರಿನಲ್ಲಿ ಗಂಟೆಗೆ ಎಷ್ಟು ನೀರು ಬರುತ್ತೆ? ದಿನಕ್ಕೆ ಎಷ್ಟು ಬೇಕು? ಕರೆಂಟು ಎಷ್ಟು ಹೊತ್ತು ಇರುತ್ತೆ?" ಅಂತ ಕೇಳಿದೆ. "ಎಂಜಿನಿಯರ್ ಅಂತ ನಿನ್ನ ಕೇಳಿದರೆ ನನಗೇ ಪರೀಕ್ಷೆ ಇಟ್ಟೆಯಲ್ಲಾ" ಅಂತ ಬೈದು ಫೋನಿಟ್ಟರು. ಭಾನುವಾರ ಅಳೆದು ಹೇಳ್ತಾರಂತೆ. ಕಾಯ್ತಾ ಇದ್ದೀನಿ.