ವಿಮಾನ ಒಂದು ತಾಸು, ದಾರಿ ಒಂಬತ್ತು ತಾಸು

ವಿಜಯಪುರದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 450 ಕಿಲೋಮೀಟರು. ಸಣ್ಣ ಎಟಿಆರ್ ವಿಮಾನ ತಾಸಿಗೆ 500 ಕಿಲೋಮೀಟರಿನ ಆಸುಪಾಸು ಹಾರುತ್ತದೆ. ಏರುವುದು, ಇಳಿಯುವುದು ಸೇರಿಸಿದರೂ ಒಂದೂಕಾಲು ತಾಸು. ಹಳ್ಳಿ ಕಟ್ಟೆಯ ಮೇಲೆ ಕೂತವರಿಗೂ ಈಗ ಮೊಬೈಲಿನಲ್ಲಿ ಈ ಲೆಕ್ಕ ಸಿಗುತ್ತದೆ. ಲೆಕ್ಕವೇನೋ ಸರಿ, ಆದರೆ ಅದು ಹಕ್ಕಿಯ ಲೆಕ್ಕ.

2023ರ ಏಪ್ರಿಲ್‌ನಲ್ಲಿ ಟಿಕೋಟಾ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಸೋದರತ್ತೆ ನಸುಕಿನ ಐದಕ್ಕೆ ತೀರಿಕೊಂಡರು. ಒಬ್ಬನೇ ಮಗ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಫೋನಿನಲ್ಲಿ ‘ವಿಮಾನಕ್ಕ ಬರ್ತೀನಿ’ ಅಂದ. ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಕೆಲಸ ಬಿಟ್ಟು ಬಂದಿದ್ದ ಮಂದಿಯೆಲ್ಲ ನಮ್ಮ ಕಡೆ ತಿರುಗಿದರು. ಪೇಪರಿನವರಿಗೆ ಎಲ್ಲಾ ಗೊತ್ತಿರುತ್ತದೆ ಅಂತ ಅವರ ನಂಬಿಕೆ!

‘ತಮ್ಮಾ, ಇಮಾನ ಎಷ್ಟ ತಾಸು?’

‘ಒಂದ ತಾಸು ಕಾಕಾ. ಆದ್ರ ಅದು ಹುಬ್ಬಳ್ಳಿತನಕ.’

ವಿಜಯಪುರ ನಗರದ ಹೊರಗೆ ಬುರಣಾಪುರದ ಬಳಿ ವಿಮಾನ ನಿಲ್ದಾಣಕ್ಕೆ 2021ರಲ್ಲೇ ಅಡಿಗಲ್ಲು ಬಿದ್ದಿತ್ತು. ಆದರೆ ಆಗಿನ್ನೂ ವಿಮಾನ ಶುರುವಾಗಿರಲಿಲ್ಲ. ಟಿಕೋಟಾದವರು ಅಥಣಿ ದಾರಿ ಹಿಡಿದು ಬೆಳಗಾವಿಯ ಸಾಂಬ್ರಾಕ್ಕೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿಗೆ. 2019ರಲ್ಲಿ ಶುರುವಾದ ಕಲಬುರಗಿ ನಿಲ್ದಾಣವೂ ವಿಜಯಪುರದಿಂದ 150 ಕಿಲೋಮೀಟರಿನ ಆಚೆಯೇ.

ಚೀಟಿ ಹಿಡಿದು ಕಾಕಾನಿಗೆ ಲೆಕ್ಕ ಬರೆದು ತೋರಿಸಿದೆವು. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿ ನಿಲ್ದಾಣಕ್ಕೆ ಎರಡು ತಾಸು. ಹಾರುವ ಮುಂಚೆ ಒಂದೂವರೆ ತಾಸು ಅಲ್ಲಿರಬೇಕು. ಹಾರಾಟ ಒಂದು. ಇಳಿದು ಗಾಡಿ ಹತ್ತುವುದಕ್ಕೆ ಅರ್ಧ. ಮುಂದೆ ನವಲಗುಂದ, ನರಗುಂದ, ಕೊಲ್ಹಾರದ ಕೃಷ್ಣಾ ಸೇತುವೆ ದಾಟಿ ಇಲ್ಲಿಗೆ 200 ಕಿಲೋಮೀಟರಿಗೂ ಹೆಚ್ಚು, ನಾಲ್ಕು ತಾಸು. ಒಟ್ಟು ಒಂಬತ್ತು. ಬೆಂಗಳೂರಿನಿಂದ ನೇರ ಕಾರಿಗೆ ಬಂದರೆ ಹತ್ತು. ಅಂದರೆ ಅಷ್ಟು ದುಡ್ಡು ಸುರಿದರೂ ಉಳಿಯುವುದು ಒಂದೇ ತಾಸು, ಅದೂ ಬೇಕಾದ ಹೊತ್ತಿಗೆ ವಿಮಾನ ಇದ್ದರೆ. ಅವನಿಗೆ ಸೀಟು ಸಿಕ್ಕಿದ್ದು ಹನ್ನೊಂದೂವರೆಯದಕ್ಕೆ.

‘ಅಂದ್ರ ಸಂಜೀ ಐದು’ ಅಂದ ಕಾಕಾ. ಬಿಸಿಲಿಗೆ ಅಂಜಿ, ಮಧ್ಯಾಹ್ನವೇ ಮಣ್ಣು ಮಾಡೋಣ ಅನ್ನುವವರು ಹೆಚ್ಚಾದರು. ಅಷ್ಟರಲ್ಲಿ ಬಬಲೇಶ್ವರಕ್ಕೆ ಕೊಟ್ಟ ಮಗಳು ಗಂಡನ ಬೈಕಿನಲ್ಲಿ ಬಂದಿಳಿದಳು. ತಾಯಿಯ ಪಕ್ಕ ಕೂತವಳು, ‘ಅಣ್ಣ ಬರೂತನಕ ಯಾರೂ ಎಬ್ಬಿಸಬ್ಯಾಡ್ರಿ’ ಅಂದಳು. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ನಗರದಿಂದ ಐಸ್ ತರಿಸಿದೆವು. ಎರಡು ಸಲ ತರಿಸಬೇಕಾಯಿತು.

ಐದೂಕಾಲಿಗೆ ಬಂದ. ಹೊತ್ತು ಮುಳುಗುವುದರೊಳಗೆ ಎಲ್ಲಾ ಮುಗಿಯಿತು.

ಮರುದಿನ ಅವನೇ ಕೇಳಿದ, ಬುರಣಾಪುರಕ್ಕೆ ವಿಮಾನ ಬರುತ್ತಿದ್ದರೆ ಹೆಂಗಿತ್ತು ಅಂತ. ಅದೇ ಚೀಟಿಯ ಹಿಂದೆ ಬರೆದೆವು. ಬೆಂಗಳೂರಿನ ತಾಸುಗಳು ಹಾಗೇ ಇರುತ್ತವೆ, ಅದರಲ್ಲಿ ಕಾಸಿನಷ್ಟೂ ಕಡಿಮೆಯಿಲ್ಲ. ಹಾರಾಟ ಕಾಲು ತಾಸು ಹೆಚ್ಚು. ಆದರೆ ಇಳಿದ ಮೇಲಿನ ನಾಲ್ಕು ತಾಸಿನ ದಾರಿ ಮುಕ್ಕಾಲು ತಾಸಿಗೆ ಬರುತ್ತದೆ. ಒಟ್ಟು ಆರು.

ತಂಗಿ ಚೀಟಿ ಇಸಿದುಕೊಂಡು ನೋಡಿದಳು. ‘ಮೂರ ತಾಸು ಮೊದಲ ಬಂದಿದ್ರ, ಅವ್ವನ ಮಾರಿ ಇನ್ನೂ ಹಂಗ ಇತ್ತಣ್ಣಾ’ ಅಂದಳು.